ಆರ್ಡರ್ ಬಂತಾ?

(ಕೋಲಾರದಲ್ಲಿ ನಾನು ದಿನಾ ಓದೋಕೆ ಹೋಗುವ ಗ್ರಂಥಾಲಯದಲ್ಲಿ, ಓದುಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕರೆಂಟ್ ಹೋಗಿ ಮೈಕ್ ನಿಂತಾಗ ಕಿರುಚಿ ಮಾತಾಡಿದ ಹತ್ತು ನಿಮಿಷದಲ್ಲಿ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ, ಅದನ್ನು ಅಂದಾಜಿನಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟ ಸರ್ ನನ್ನನ್ನು ಒಳ್ಳೇ ಓದುಗಾರ್ತಿ ಅಂದರು. ಅದು ಪೂರ್ತಿ ನಿಜ ಅಲ್ಲ. ನನಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಅದಕ್ಕೆ ಓದಿದೆ. ನೌಕರಿ ಸಿಕ್ಕಿದೆ, ಆದರೆ ಸಿಕ್ಕಿಲ್ಲ. ಇದು ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕೆ ವಿವರಣೆ ಇಲ್ಲದೆ ಅರ್ಥ ಆಗುತ್ತೆ, ನಗ್ತಾ ಇದ್ದೀರಲ್ಲ. ಆರು ವರ್ಷ ಪರೀಕ್ಷೆ ಬರೆದೆ. ಅಂತಿಮ ಪಟ್ಟಿಯಲ್ಲಿ ಹೆಸರು ಬಂತು. ಅಪ್ಪ ಡೈರಿಯಲ್ಲಿ ಎಲ್ಲರಿಗೂ ಮೈಸೂರುಪಾಕ್ ಹಂಚಿದರು. ಆಮೇಲೆ ಯಾರೋ ಕೋರ್ಟಿಗೆ ಹೋದರು, ತಡೆ ಬಂತು, ತಡೆ ಹೋಯಿತು, ದಾಖಲೆ ಪರಿಶೀಲನೆ ಅಂದರು. ಅಲ್ಲಿ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಧಾರ್‌ನಲ್ಲಿ ಹೆಸರಿನ ಮುಂದೆ ಇದೆ ಅಂತ ಕಂಡುಹಿಡಿದರು. ಎರಡೂ ಒಂದೇ ಅಕ್ಷರ ಸಾರ್ ಅಂದೆ. ಅಫಿಡವಿಟ್ ತನ್ನಿ ಅಂದರು. ತಂದೆ. ಈಗ 19 ತಿಂಗಳು.

ಈ 19 ತಿಂಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಎರಡೇ ಪದದ್ದು. ಬೆಳಿಗ್ಗೆ ಆರಕ್ಕೆ ಹಾಲು ಹಾಕೋಕೆ ಹೋದರೆ ಡೈರಿಯಲ್ಲಿ ಡಿಗ್ರಿ ನೋಡುವವರು ಕೇಳ್ತಾರೆ, "ಏನಮ್ಮಾ, ಆರ್ಡರ್ ಬಂತಾ?" ಅಂಗಡಿಯಲ್ಲಿ ಕೇಳ್ತಾರೆ. ಮದುವೆ ಮನೆಯಲ್ಲಿ ಕೈಗೆ ಅರಿಶಿನ ಕುಂಕುಮ ಕೊಡ್ತಾ ಕೇಳ್ತಾರೆ. ಗಂಡಿನ ಕಡೆಯವರೂ ಕೇಳ್ತಾರೆ, ಅವರ ಧಾಟಿ ಬೇರೆ: "ಆರ್ಡರ್ ಬರಲಿ ಬಿಡಿ, ಆಮೇಲೆ ಮಾತಾಡೋಣ." ಅಮ್ಮನಿಗೆ ಇದು ಸಂಕಟ. ನನಗೆ, ಸುಳ್ಳು ಯಾಕೆ ಹೇಳಲಿ, ಅದೊಂದೇ ಲಾಭ.

ಮೊದಲ ಎರಡು ತಿಂಗಳು ನನಗೆ ಏನೂ ಓದೋಕೆ ಆಗಲಿಲ್ಲ. ಕೈಗೆ ಪೇಪರ್ ಸಿಕ್ಕಿದರೆ ಸಾಕು, ಇಸವಿಗೆ ಗೆರೆ ಎಳೆಯುತ್ತಿದ್ದೆ. ಯಾವ ಸಾಲು ನೋಡಿದರೂ ಅದರ ಕೆಳಗೆ ಎ, ಬಿ, ಸಿ, ಡಿ ಕಾಣುತ್ತಿತ್ತು. ಒಂದು ಉದಾಹರಣೆ ಹೇಳ್ತೀನಿ. ಡಿವಿಜಿ ಅಂದ ತಕ್ಷಣ ನನ್ನ ತಲೆ ಹೇಳೋದು ಮುಳಬಾಗಿಲು, 1887, ಮುಗೀತು, ಮುಂದಿನ ಪ್ರಶ್ನೆ. ಅವರು ಮೆಟ್ರಿಕ್ ಪಾಸಾಗಲಿಲ್ಲ, ಕೆಜಿಎಫ್‌ನಲ್ಲಿ ಒಂದು ಸೋಡಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದರು ಅನ್ನೋದು ನನಗೆ 29ನೇ ವಯಸ್ಸಿನಲ್ಲಿ ಗೊತ್ತಾಯಿತು. ಮುಳಬಾಗಿಲು ನಮ್ಮಿಂದ ಮೂವತ್ತು ಕಿಲೋಮೀಟರ್. ಆರು ವರ್ಷ ಅವರ ಹೆಸರಿಗೆ ಟಿಕ್ ಹಾಕಿದೀನಿ, ಆ ಹುಡುಗ ಸೋಡಾ ಬಾಟಲಿಗಳ ಮಧ್ಯೆ ನಿಂತಿದ್ದನ್ನು ಒಂದು ಸಲವೂ ಯೋಚನೆ ಮಾಡಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬರಲ್ಲ ಅಲ್ವಾ, ಅದಕ್ಕೆ.

ಮೂರನೇ ತಿಂಗಳು ಗೈಡುಗಳನ್ನೆಲ್ಲ ಗುಜರಿಗೆ ಹಾಕೋಕೆ ಹೋದೆ. 38 ಕೆಜಿ ತೂಗಿತು. ಆರು ವರ್ಷದ ವಿದ್ಯೆಯನ್ನು ತಕ್ಕಡಿಯಲ್ಲಿ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ದುಡ್ಡು ತಗೊಳ್ಳುವಾಗ ಅಲ್ಲೇ ಮೂಲೆಯಲ್ಲಿ ಹಗ್ಗ ಕಟ್ಟಿದ ಒಂದು ಕಟ್ಟು ಇತ್ತು, ಹಳೇ ವಿಜ್ಞಾನ ಪತ್ರಿಕೆಗಳು, ರಟ್ಟು ಹೋದ ಎರಡು ಪುಸ್ತಕ, ಯಾರೋ ಮೇಷ್ಟ್ರು ಮನೆಯದ್ದು ಇರಬೇಕು, ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಕಾಗುಣಿತ ತಿದ್ದಿದ್ದರು. ಅಚ್ಚಾದ ಪತ್ರಿಕೆಯಲ್ಲಿ ಕಾಗುಣಿತ ತಿದ್ದುವವರು ಮೇಷ್ಟ್ರಲ್ಲದೆ ಇನ್ಯಾರು? ನನ್ನ ದುಡ್ಡಲ್ಲಿ ಐವತ್ತು ರೂಪಾಯಿ ವಾಪಸ್ ಕೊಟ್ಟು ಆ ಕಟ್ಟು ತಂದೆ. ಇವತ್ತು ನಾನು ಹೇಳೋದರಲ್ಲಿ ಜಾಸ್ತಿ ಆ ಕಟ್ಟಿನಿಂದ ಶುರುವಾದದ್ದು. ಉಳಿದದ್ದನ್ನು ಇದೇ ಗ್ರಂಥಾಲಯದಲ್ಲಿ, ಆ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ, ಹುಡುಕಿ ಓದಿದೆ.

ಮೊದಲು ಸಣ್ಣದು ಹೇಳ್ತೀನಿ. ಬಸ್ಸಿನ ಲೆಕ್ಕ.

ನಮ್ಮ ಚಿಕ್ಕಮ್ಮನ ಊರು ವೇಮಗಲ್ ಕಡೆ. ಆ ದಾರಿಗೆ ಗಂಟೆಗೆ ಎರಡು ಬಸ್ ಇದೆ ಅಂತ ಇಟ್ಟುಕೊಳ್ಳಿ. ಗಂಟೆಗೆ ಎರಡು ಅಂದರೆ ಸರಾಸರಿ ಹದಿನೈದು ನಿಮಿಷ ಕಾದರೆ ಸಾಕು ಅನ್ನಿಸುತ್ತೆ. ಆದರೆ ನಾನು ಯಾವಾಗ ಹೋದರೂ ಜಾಸ್ತಿ ಹೊತ್ತು ನಿಲ್ತೀನಿ. ಇದು ನನ್ನ ಹಣೆಬರಹ ಅಂತ ತಿಳಿದಿದ್ದೆ. ಅಲ್ಲವಂತೆ, ಇದು ಗಣಿತ. ಎರಡು ಬಸ್ಸೂ ಸರಿಯಾಗಿ ಅರ್ಧ ಗಂಟೆಗೊಂದು ಬಂದರೆ ಹದಿನೈದು ನಿಮಿಷ ಸರಿ. ಆದರೆ ಅವು ಒಂದರ ಹಿಂದೆ ಒಂದು ಬರ್ತವೆ. ಹತ್ತು ನಿಮಿಷದ ಅಂತರದಲ್ಲಿ ಎರಡು ಬಂದು, ಆಮೇಲೆ 50 ನಿಮಿಷ ಏನೂ ಇರಲ್ಲ. ನಾವು ಸ್ಟ್ಯಾಂಡಿಗೆ ಹೋಗೋ ಹೊತ್ತು ಆ ದೊಡ್ಡ ಅಂತರದೊಳಗೆ ಬೀಳುವ ಸಾಧ್ಯತೆ ಆರರಲ್ಲಿ ಐದು. ಯಾಕೆಂದರೆ ಗಂಟೆಯಲ್ಲಿ ಜಾಸ್ತಿ ಜಾಗ ಅದೇ ತಿಂದಿದೆ. ಅಲ್ಲಿ ಬಿದ್ದರೆ ಸರಾಸರಿ 25 ನಿಮಿಷ, ಚಿಕ್ಕದರಲ್ಲಿ ಬಿದ್ದರೆ 5 ನಿಮಿಷ. ಎಲ್ಲಾ ಕೂಡಿಸಿ ಭಾಗಿಸಿದರೆ ಸುಮಾರು 22 ನಿಮಿಷ. ಬಸ್ಸಿನ ಸಂಖ್ಯೆ ಅಷ್ಟೇ, ಕಾಯೋದು ಮಾತ್ರ ಅರ್ಧದಷ್ಟು ಜಾಸ್ತಿ. ಕಾಯುವವರ ಲೆಕ್ಕ ಬೇರೆ, ಬಸ್ ಬಿಡುವವರ ಲೆಕ್ಕ ಬೇರೆ. ಇಬ್ಬರೂ ಸುಳ್ಳು ಹೇಳ್ತಾ ಇಲ್ಲ.

ಈ ಥರದ ಲೆಕ್ಕಕ್ಕೆ ಒಂದು ಶಾಸ್ತ್ರವೇ ಇದೆ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ 1909ರಲ್ಲಿ ಇದಕ್ಕೆ ಬುನಾದಿ ಹಾಕಿದ. ಕರೆ ಮಾಡುವವರು ಇಷ್ಟು ಜನ ಇದ್ದರೆ ಎಷ್ಟು ಲೈನ್ ಬೇಕು, ಎಷ್ಟು ಜನ ಕಾಯಬೇಕಾಗುತ್ತೆ ಅಂತ. ನಾನು ಅಫಿಡವಿಟ್ ಕೊಡೋಕೆ ನಿಂತಿದ್ದ ಕಡೆ ನಾಲ್ಕು ಕೌಂಟರ್ ಇದ್ದವು, ಒಂದರಲ್ಲಿ ಮಾತ್ರ ಜನ ಇದ್ದರು. ಎರ್ಲಾಂಗ್ ಬಂದಿದ್ದರೂ ಏನೂ ಮಾಡೋಕಾಗುತ್ತಿರಲಿಲ್ಲ.

ಇನ್ನೊಂದು, ಇದನ್ನು ಓದಿ ನಾನು ಜೋರಾಗಿ ನಕ್ಕು ಇಲ್ಲಿನ ಅಟೆಂಡರ್ ಅಣ್ಣನ ಕೈಲಿ ಬೈಸಿಕೊಂಡಿದ್ದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಒಬ್ಬ ಮೇಷ್ಟ್ರು ಒಂದು ಲಾಳಿಕೆಗೆ ಟಾರಿನಂಥ ಪಿಚ್ ಬಿಸಿ ಮಾಡಿ ಸುರಿದರು. ಅದು ಸುತ್ತಿಗೆಯಲ್ಲಿ ಹೊಡೆದರೆ ಗಾಜಿನ ಹಾಗೆ ಒಡೆಯುತ್ತೆ, ಆದರೆ ಅದು ದ್ರವ, ಹರಿಯುತ್ತೆ ಅಂತ ಹುಡುಗರಿಗೆ ತೋರಿಸಬೇಕಿತ್ತು. ಮೂರು ವರ್ಷ ಕೂತು ಇಳಿಯಲಿ ಅಂತ ಬಿಟ್ಟು 1930ರಲ್ಲಿ ಲಾಳಿಕೆಯ ತುದಿ ಕತ್ತರಿಸಿದರು. ಅಲ್ಲಿಂದ ಒಂದೊಂದು ಹನಿಗೆ ಎಂಟು, ಹತ್ತು, ಹದಿಮೂರು ವರ್ಷ. 1961ರಿಂದ ಇದನ್ನು ನೋಡಿಕೊಂಡ ಜಾನ್ ಮೇನ್‌ಸ್ಟೋನ್ ಅನ್ನುವವರು ಹನಿ ಬೀಳೋದನ್ನು ಕಣ್ಣಾರೆ ನೋಡಲೇ ಇಲ್ಲ. 1979ರಲ್ಲಿ ವಾರದ ಕೊನೆಯ ರಜೆಯಲ್ಲಿ ಬಿತ್ತು. 1988ರಲ್ಲಿ ಏನೋ ಕುಡಿಯೋಕೆ ಅಂತ ಕೆಲವೇ ನಿಮಿಷ ಆಚೆ ಹೋದರು, ಅಷ್ಟರಲ್ಲಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟಿದ್ದರು, ಕ್ಯಾಮೆರಾ ಕೆಟ್ಟಿತು. 2013ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಮುಂದಿನ ಹನಿ ಬಂದದ್ದು 2014ರ ಏಪ್ರಿಲ್‌ನಲ್ಲಿ. ಓದುವಾಗ ನಗು ಬಂತು, ಮನೆಗೆ ಹೋಗುವ ದಾರಿಯಲ್ಲಿ ಬರಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಮನುಷ್ಯನ ಕಥೆ. ಫ್ರಾನ್ಸಿನ ಲ ಜಾಂತಿ ಅನ್ನುವ ಖಗೋಳ ವಿಜ್ಞಾನಿ. ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗೋದನ್ನು ಬೇರೆ ಬೇರೆ ಜಾಗದಿಂದ ಅಳೆದರೆ ಸೂರ್ಯ ನಮ್ಮಿಂದ ಎಷ್ಟು ದೂರ ಅಂತ ಲೆಕ್ಕ ಸಿಗುತ್ತೆ. ಅದಕ್ಕೆ ಈತ 1760ರಲ್ಲಿ ಹಡಗು ಹತ್ತಿ ಪುದುಚೇರಿಗೆ ಹೊರಟ. ನಮ್ಮ ಪಕ್ಕದ ಪುದುಚೇರಿಯೇ. ಬರುವಷ್ಟರಲ್ಲಿ ಅದು ಬ್ರಿಟಿಷರ ಕೈಗೆ ಹೋಗಿತ್ತು. ಹಡಗು ವಾಪಸ್ ತಿರುಗಿತು. 1761ರ ಜೂನ್ 6ರಂದು ಆಕಾಶ ಚೊಕ್ಕವಾಗಿತ್ತು, ಆದರೆ ಈತ ಸಮುದ್ರದ ಮಧ್ಯೆ, ಅಲ್ಲಾಡುವ ಹಡಗಿನ ಮೇಲೆ. ಅಳತೆ ಪ್ರಯೋಜನಕ್ಕೆ ಬರಲಿಲ್ಲ. ಮುಂದಿನದು 1769ರಲ್ಲಿ, ಅದು ತಪ್ಪಿದರೆ ನೂರೈದು ವರ್ಷ ಇಲ್ಲ. ಆತ ಊರಿಗೆ ಹೋಗಲಿಲ್ಲ. ಎಂಟು ವರ್ಷ ಇಲ್ಲೇ ಕಾಯ್ತೀನಿ ಅಂದ. ಮಡಗಾಸ್ಕರ್ ಕಡೆ ನಕ್ಷೆ ಬರೆದ, ಮನಿಲಾಕ್ಕೆ ಹೋದ, ಪುದುಚೇರಿ ಮತ್ತೆ ಫ್ರೆಂಚರಿಗೆ ಸಿಕ್ಕ ಮೇಲೆ ಇಲ್ಲಿಗೆ ಬಂದು ಪುಟ್ಟ ವೀಕ್ಷಣಾಲಯ ಕಟ್ಟಿಕೊಂಡು ಕೂತ. 1769ರ ಜೂನ್ 4, ಬೆಳಿಗ್ಗೆ, ಮೋಡ. ಶುಕ್ರ ದಾಟಿ ಹೋದ ಮೇಲೆ ಬಿಸಿಲು ಬಂತು. ಆತ ಬಿಟ್ಟು ಬಂದಿದ್ದ ಮನಿಲಾದಲ್ಲಿ ಆ ದಿನ ಒಂದು ಚೂರು ಮೋಡ ಇರಲಿಲ್ಲವಂತೆ. 1771ರಲ್ಲಿ ಊರಿಗೆ ಹೋದರೆ ಈತ ಸತ್ತ ಅಂತ ಲೆಕ್ಕ ಹಾಕಿ ಆಸ್ತಿ ಹಂಚಿಕೊಳ್ಳೋಕೆ ಕೂತಿದ್ದರು, ಅಕಾಡೆಮಿಯಲ್ಲಿ ಇವನ ಜಾಗಕ್ಕೆ ಬೇರೆಯವರು ಬಂದಿದ್ದರು.

ಇಷ್ಟು ಎಲ್ಲಾ ಕಡೆ ಇರೋ ಕಥೆ. ನನಗೆ ಬೇಕಾಗಿದ್ದು ಬೇರೆ ಕಡೆ ಸಿಕ್ಕಿತು. ಪುದುಚೇರಿಯಲ್ಲಿ ಕಾಯುವ ಹೊತ್ತಿನಲ್ಲಿ ಈತ ಅಲ್ಲಿನ ತಮಿಳು ಜೋಯಿಸರ ಹತ್ತಿರ ಕೂತು ಅವರು ಗ್ರಹಣದ ಲೆಕ್ಕ ಹೇಗೆ ಹಾಕ್ತಾರೆ ಅಂತ ಕಲಿತ. 1765ರ ಆಗಸ್ಟ್ 30ರ ಚಂದ್ರಗ್ರಹಣಕ್ಕೆ ಅವರ ಲೆಕ್ಕ ಹಾಕಿ ನೋಡಿದ. ಗ್ರಹಣ ಇಷ್ಟು ಹೊತ್ತು ಇರುತ್ತೆ ಅಂತ ಬಂದ ಲೆಕ್ಕಕ್ಕೂ ನಿಜಕ್ಕೂ 41 ಸೆಕೆಂಡ್ ವ್ಯತ್ಯಾಸ. ಆಗಿನ ಯುರೋಪಿನ ಒಳ್ಳೇ ಕೋಷ್ಟಕದ ಪ್ರಕಾರ ಹಾಕಿದರೆ 68 ಸೆಕೆಂಡ್ ತಪ್ಪು. ಇದನ್ನು ಆತ ಮುಚ್ಚಿಡಲಿಲ್ಲ, ಬರೆದಿಟ್ಟ. ಶುಕ್ರನ ಬಗ್ಗೆ ಈತನಿಂದ ಒಂದು ಸಂಖ್ಯೆಯೂ ಸಿಗಲಿಲ್ಲ. ಆ ಜೋಯಿಸರ ಲೆಕ್ಕದ ರೀತಿ ಮಾತ್ರ ಹೀಗೆ ಯುರೋಪಿಗೆ ತಿಳಿಯಿತು. ಪುದುಚೇರಿಯಲ್ಲಿ ಮೋಡ ಇಲ್ಲದಿದ್ದರೂ ಇದು ಸಿಗುತ್ತಿತ್ತು, ಅದು ಬೇರೆ ಮಾತು. ಆದರೆ 1761ರಲ್ಲೇ ಎಲ್ಲಾ ಸರಿಹೋಗಿದ್ದರೆ ಆತ ಮೊದಲ ಹಡಗಿಗೇ ಊರಿಗೆ ಹೊರಟಿರುತ್ತಿದ್ದ.

ಈಗ ನಮ್ಮ ಕೆಜಿಎಫ್‌ಗೆ ಬರ್ತೀನಿ. ಇದನ್ನು ಹೇಳೋಕೆ ಅಂತಲೇ ನಾನು ಇವತ್ತು ಒಪ್ಪಿಕೊಂಡು ಬಂದದ್ದು.

ಕೆಜಿಎಫ್ ಬಗ್ಗೆ ನನಗೆ ಎರಡು ಇಸವಿ ಗೊತ್ತಿತ್ತು. 1902, ಶಿವನಸಮುದ್ರದಿಂದ ಕರೆಂಟ್ ಬಂತು. 2001ರ ಫೆಬ್ರವರಿ 28, ಗಣಿ ಮುಚ್ಚಿತು. ಎರಡೂ ಎರಡೆರಡು ಸಲ ಪರೀಕ್ಷೆಯಲ್ಲಿ ಬಂದಿವೆ, ಎರಡೂ ಸರಿ ಬರೆದಿದ್ದೇನೆ. ಆ ಮಧ್ಯದಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ ಚಿನ್ನಕ್ಕೆ ಸಂಬಂಧವೇ ಇಲ್ಲದ ಜನ ಇಳಿದು ಕೂತಿದ್ದರು ಅಂತ ಆ ಕೆಂಪು ಇಂಕಿನ ಪತ್ರಿಕೆಯೊಂದರಲ್ಲಿ ಓದಿದೆ.

ಆಕಾಶದಿಂದ ನಮ್ಮ ಮೇಲೆ ಯಾವಾಗಲೂ ಕಣಗಳು ಸುರೀತಾ ಇರ್ತವೆ. ಇಲ್ಲಿ, ಈ ಹಾಲ್‌ನಲ್ಲಿ, ನಿಮ್ಮ ತಲೆಯ ಮೂಲಕವೂ ಹೋಗ್ತಾ ಇವೆ. ಮ್ಯೂಆನ್ ಅಂತ ಹೆಸರು. ನೆಲದೊಳಗೆ ಇಳಿದಷ್ಟೂ ಕಲ್ಲು ಅವನ್ನು ತಡೆಯುತ್ತೆ, ಕಡಿಮೆಯಾಗ್ತಾ ಹೋಗ್ತವೆ. ಎಷ್ಟು ಆಳಕ್ಕೆ ಎಷ್ಟು ಕಡಿಮೆ ಅಂತ ನೋಡೋಕೆ ಪ್ರಪಂಚದಲ್ಲಿ ಕೆಜಿಎಫ್‌ನಷ್ಟು ಆಳವಾದ ಜಾಗ ಜಾಸ್ತಿ ಇರಲಿಲ್ಲ. 1951ರಿಂದ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿಗೆ ಬರೋಕೆ ಶುರು ಮಾಡಿದರು. ಮೊದಲು ಬಂದವರು ಬಿ.ವಿ. ಶ್ರೀಕಂಠನ್, ನಂಜನಗೂಡಿನವರು, ಮುಂದೆ ಆ ಸಂಸ್ಥೆಗೇ ನಿರ್ದೇಶಕರಾದರು. ಮೇಲಿನಿಂದ ಒಂದೊಂದೇ ಮಟ್ಟ ಇಳಿಯುತ್ತಾ ಎಣಿಸಿದರು. 1960ರ ದಶಕದ ಶುರುವಿನಲ್ಲಿ ಅತಿ ಆಳದ ಜಾಗಕ್ಕೆ ಯಂತ್ರ ಇಳಿಸಿ ಕೂತರು.

ಎರಡು ತಿಂಗಳು. ಒಂದು ಕಣವೂ ಬರಲಿಲ್ಲ.

ಇದನ್ನು ಓದಿದಾಗ ನನಗೆ ಆ ಲಾಗ್ ಪುಸ್ತಕ ಹೇಗಿದ್ದಿರಬಹುದು ಅಂತ ಕಣ್ಣಿಗೆ ಬಂತು. ಇವತ್ತು ಸೊನ್ನೆ. ಇವತ್ತೂ ಸೊನ್ನೆ. ಬಿಸಿ ಕಲ್ಲಿನ ಮಧ್ಯೆ, ಬೆವರು ಒರೆಸಿಕೊಂಡು, ಲಿಫ್ಟಿನಲ್ಲಿ ಇಳಿದು ಹತ್ತಿ, ಸೊನ್ನೆ ಬರೆಯೋದು. ನನ್ನ ಮೊಬೈಲ್‌ನಲ್ಲಿ ಇಲಾಖೆಯ ಪುಟ ತೆರೆದು ನೋಡೋದೂ ಹಾಗೇ. ಆದರೆ ಅವರು ಸೊನ್ನೆಯನ್ನು ನೋಡಿದ ರೀತಿ ಬೇರೆ. ಇಲ್ಲಿ ಮ್ಯೂಆನ್ ಗದ್ದಲವೇ ಇಲ್ಲ ಅಂದರೆ, ಇಷ್ಟು ಸದ್ದಿಲ್ಲದ ಜಾಗ ಸಿಕ್ಕಿದೆ ಅಂದರೆ, ಇಲ್ಲಿ ಇನ್ನೂ ನಾಚಿಕೆ ಸ್ವಭಾವದ ಕಣ ಹಿಡೀಬಹುದು ಅಂದರು. ನ್ಯೂಟ್ರಿನೊ. ಅದಕ್ಕೆ ಕಲ್ಲು ಲೆಕ್ಕಕ್ಕಿಲ್ಲ, ಇಡೀ ಭೂಮಿಯನ್ನೇ ತೂರಿ ಹೋಗುತ್ತೆ, ಎಲ್ಲೋ ಅಪರೂಪಕ್ಕೆ ಡಿಕ್ಕಿ ಹೊಡೆಯುತ್ತೆ. ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಾಮ್‌ನವರು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಹೊಸ ಯಂತ್ರ ಜೋಡಿಸಿದರು. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲ ಸಲ ಗುರುತು ಬಿಟ್ಟ ಎರಡು ಜಾಗಗಳಲ್ಲಿ ಒಂದು ನಮ್ಮ ಕೋಲಾರ ಜಿಲ್ಲೆ. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಅದೂ ಅದೇ ವರ್ಷ.

ಇದು ಗೆದ್ದ ಕಥೆ. ನನಗೆ ಇದಕ್ಕಿಂತ ಮುಂದಿನದು ಜಾಸ್ತಿ ಇಷ್ಟ. 1980ರಲ್ಲಿ ಅದೇ ಆಳದಲ್ಲಿ ಇನ್ನೊಂದಕ್ಕೆ ಕಾಯೋಕೆ ಕೂತರು. ಪ್ರೋಟಾನ್ ಸಾಯುತ್ತಾ ಅಂತ. ಎಲ್ಲಾ ವಸ್ತುವಿನೊಳಗೂ ಇರೋ ಆ ಕಣಕ್ಕೆ ಸಾವು ಇದೆ ಅಂತ ಆಗಿನ ಒಂದು ಸಿದ್ಧಾಂತ ಹೇಳುತ್ತಿತ್ತು. ಆಯಸ್ಸು ಮಾತ್ರ ಒಂದರ ಮುಂದೆ ಮೂವತ್ತು ಚಿಲ್ಲರೆ ಸೊನ್ನೆ ಹಾಕಿದಷ್ಟು ವರ್ಷ. ಒಂದು ಪ್ರೋಟಾನ್ ಮುಂದೆ ಕೂತರೆ ಬ್ರಹ್ಮನಿಗೂ ಸಾಲದು. ಅದಕ್ಕೆ ಏನು ಮಾಡಿದರು ಅಂದರೆ, 140 ಟನ್ ಕಬ್ಬಿಣ ಜೋಡಿಸಿಟ್ಟು ಅದನ್ನು ಕಾದರು. ನಾನು ಮನೆಯಲ್ಲಿ ಲೆಕ್ಕ ಹಾಕಿ ನೋಡಿದೆ: ಅಷ್ಟು ಕಬ್ಬಿಣದಲ್ಲಿ ಪ್ರೋಟಾನ್ ನ್ಯೂಟ್ರಾನ್ ಸೇರಿ ಎಂಟರ ಮುಂದೆ 31 ಸೊನ್ನೆಯಷ್ಟು ಕಣ ಇರ್ತವೆ. ಒಬ್ಬರ ಸಾವಿಗೆ ಅಷ್ಟು ಕಾಲ ಕಾಯುವ ಬದಲು ಅಷ್ಟು ಜನರನ್ನು ಒಟ್ಟಿಗೆ ಕೂರಿಸಿ ಒಂದು ವರ್ಷ ನೋಡೋದು. ಎಂಥ ಉಪಾಯ ನೋಡಿ! ಹತ್ತು ವರ್ಷದ ಮೇಲೆ ಕಾದರು. ಒಂದಿಷ್ಟು ಗುರುತು ಸಿಕ್ಕಿದ ಹಾಗೆ ಕಂಡಿತು, ಬೇರೆ ದೇಶದ ದೊಡ್ಡ ದೊಡ್ಡ ನೀರಿನ ತೊಟ್ಟಿಗಳಲ್ಲಿ ಕಾದವರಿಗೆ ಸಿಗಲಿಲ್ಲ. ಇವತ್ತಿನವರೆಗೂ ಪ್ರೋಟಾನ್ ಸತ್ತದ್ದನ್ನು ಯಾರೂ ಖಚಿತವಾಗಿ ನೋಡಿಲ್ಲ. ಆ ಆಳಕ್ಕೆ ಈಗ ಯಾರೂ ಇಳಿಯೋಕೂ ಆಗಲ್ಲ. ಪಂಪ್ ನಿಂತ ಮೇಲೆ ಗಣಿಯೊಳಗೆ ನೀರು ತುಂಬಿದೆ.

ನಾನು ಕೇಳೋದು ಇಷ್ಟೇ. ಇದು ಯಾಕೆ ನಮ್ಮ ಗೈಡಿನಲ್ಲಿ ಇಲ್ಲ? 1902ಕ್ಕೆ ಒಂದು ಅಂಕ ಇದೆ, 1965ಕ್ಕೆ ಯಾಕಿಲ್ಲ? ಇದ್ದಿದ್ದರೆ ನಾನು ಅದನ್ನೂ ಬಾಯಿಪಾಠ ಮಾಡಿ ಮರೆಯುತ್ತಿದ್ದೆ, ಅದೂ ನಿಜ.

ಹೊತ್ತಾಗ್ತಾ ಇದೆ ಅಂತ ಸರ್ ಗಡಿಯಾರ ನೋಡ್ತಾ ಇದ್ದಾರೆ. ಇನ್ನೊಂದೇ ಒಂದು. ಇದು ಓದಿದ್ದಲ್ಲ, ನೋಡಿದ್ದು.

ಕಾಯೋಕೆ ಶುರು ಮಾಡಿ ಎಂಟನೇ ತಿಂಗಳಿಂದ ಚಿಕ್ಕಮ್ಮನ ಹುಳು ಮನೆಗೆ ಕೈಯಾಳಾಗಿ ಹೋಗ್ತಾ ಇದ್ದೀನಿ. ಹಿಪ್ಪುನೇರಳೆ ಸೊಪ್ಪು ಕೊಯ್ಯೋದು, ಹಾಕೋದು, ಕಸ ಬಳಿಯೋದು. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಇಪ್ಪತ್ತೈದು ಇಪ್ಪತ್ತಾರು ದಿನ. ಅಷ್ಟರಲ್ಲಿ ನಾಲ್ಕು ಸಲ ಚರ್ಮ ಕಳಚುತ್ತೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಹುಳು ಜ್ವರಕ್ಕೆ ಕೂತಿದೆ ಅಂತಾರೆ. ಜ್ವರಕ್ಕೆ ಕೂತಾಗ ಅದು ತಿನ್ನಲ್ಲ, ನಡೆಯಲ್ಲ. ಹಿಂದಿನ ಕಾಲುಗಳನ್ನು ಸೊಪ್ಪಿಗೆ ಊರಿ, ಮುಂಭಾಗ ಎತ್ತಿ, ತಲೆ ಮೇಲೆ ಮಾಡಿ ಹಾಗೇ ಇದ್ದುಬಿಡುತ್ತೆ. ಸಾವಿರಾರು ಹುಳು, ಒಂದೂ ಅಲ್ಲಾಡಲ್ಲ. ತಿನ್ನುವಾಗ ಹುಳು ಮನೆಯಲ್ಲಿ ಮಳೆ ಬಂದ ಹಾಗೆ ಸದ್ದು ಇರುತ್ತೆ, ಜ್ವರದ ದಿನ ಆ ಸದ್ದು ನಿಂತುಹೋಗಿರುತ್ತೆ. ಮೊದಲ ಸಲ ನಾನು ಹೆದರಿ ಎಲ್ಲಾ ಸತ್ತುಹೋದವು ಅಂದುಕೊಂಡೆ.

ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಅಂದರೆ ಏನೂ ಮಾಡದೆ ಇರೋದು. ಸ್ವಲ್ಪ ಸುಣ್ಣ ಚೆಲ್ಲಿ ಹಾಸಿಗೆ ಒಣಗಿಸಿ, ಗಾಳಿ ಆಡೋ ಹಾಗೆ ಮಾಡಿ, ಆಚೆ ಬಂದು ಕೂರಬೇಕು. ನಾನು ಒಂದು ಸಲ ಮೊದಲು ಎದ್ದ ನಾಲ್ಕು ಹುಳ ತಲೆ ಆಡಿಸ್ತಾ ಇರೋದು ನೋಡಿ, ಪಾಪ ಹಸಿದಿರಬೇಕು ಅಂತ ಒಂದು ಹಿಡಿ ಸೊಪ್ಪು ಹಾಕಿಬಿಟ್ಟೆ. ಚಿಕ್ಕಮ್ಮ ಓಡಿ ಬಂದು ಕಿತ್ತು ಹಾಕಿದಳು. "ಎದ್ದಿರೋದು ನಾಲ್ಕು ಕಣೇ, ಮಲಗಿರೋದು ನಾಲ್ಕು ಸಾವಿರ. ಇವಕ್ಕೆ ಈಗ ಹಾಕಿದರೆ ಬೆಳೆ ಹಿಂದುಮುಂದಾಗುತ್ತೆ. ಇವು ಗೂಡು ಕಟ್ಟೋವಾಗ ಅವು ಇನ್ನೂ ತಿಂತಾ ಇರ್ತವೆ." ಮೊದಲು ಎದ್ದವೂ ಕಾಯಬೇಕು, ಎಲ್ಲಾ ಏಳುವವರೆಗೆ. ಅದಕ್ಕೆ ಅವೇನೂ ಸಾಯಲ್ಲ. ಈ ಪಾಠ ನನಗೆ ಗೈಡ್ ಕೊಟ್ಟಿರಲಿಲ್ಲ, ನನ್ನ ಜೊತೆ ಪಟ್ಟಿಯಲ್ಲಿರುವ ಕೆಲವರಿಗೂ ಹೇಳಬೇಕು ಅನ್ನಿಸಿತು, ಬೇಡ ಬಿಡಿ.

ಇಲ್ಲಿ ಯಾರಾದರೂ ಎದ್ದು "ನೀವೂ ಹುಳದ ಹಾಗೆ ಚರ್ಮ ಕಳಚ್ತಾ ಇದ್ದೀರಿ, ಮುಂದೆ ಚಿಟ್ಟೆ ಆಗ್ತೀರಿ" ಅಂತ ಹೇಳೋ ಮೊದಲು ನಾನೇ ಹೇಳಿಬಿಡ್ತೀನಿ. ರೇಷ್ಮೆ ಹುಳದ ಕಥೆ ಎಲ್ಲಿಗೆ ಮುಗಿಯುತ್ತೆ ಅಂತ ನಮ್ಮ ಜಿಲ್ಲೆಯವರಿಗೆ ಗೊತ್ತು. ಗೂಡು ಮಾರ್ಕೆಟ್ಟಿಗೆ, ಅಲ್ಲಿಂದ ಬಿಸಿ ನೀರಿಗೆ. ಆ ಹೋಲಿಕೆ ನನಗೆ ಬೇಡ.

ಪ್ರಶ್ನೆಗಳಿಗೆ ಸಮಯ ಇದೆ ಅಂತ ಸರ್ ಹೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಹಿರಿಯರು ಕೈ ಎತ್ತಿದರು. ಮೈಕ್ ಕೊಟ್ಟೆವು. ಕೆಜಿಎಫ್ ಬಗ್ಗೆ ಏನಾದರೂ ಕೇಳ್ತಾರೆ ಅಂತ ನಾನು ನೋಟ್ಸ್ ತೆಗೆದೆ.

"ಎಲ್ಲಾ ಸರಿ ಕಣಮ್ಮಾ, ಆರ್ಡರ್ ಬಂತಾ?"

ಹಾಲ್ ಪೂರ್ತಿ ನಕ್ಕಿತು. ಇಲ್ಲ ಅಂದೆ. ಇನ್ನೂ ಎರಡು ಪ್ರಶ್ನೆ ಇದ್ದವು, ನಾನು ಕ್ಷಮೆ ಕೇಳಿ ಇಳಿದೆ. ಚಿಕ್ಕಮ್ಮನ ಮನೆಯಲ್ಲಿ ನಾಲ್ಕನೇ ಜ್ವರ ಆ ದಿನ ಸಂಜೆ ಏಳಬೇಕಿತ್ತು. ಎದ್ದ ಮೇಲೆ ಅವು ತಿನ್ನೋ ತಿನ್ನು ಎಂಥದ್ದು ಅಂದರೆ, ಇಡೀ ಬದುಕಿನ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಕೊನೆಯ ವಾರದಲ್ಲೇ ಬೇಕು. ಕೊಯ್ಯೋಕೆ ಆಳು ಬಂದಿಲ್ಲ ಅಂತ ಎರಡು ಸಲ ಫೋನ್ ಬಂದಿತ್ತು. ಸ್ಟ್ಯಾಂಡಿಗೆ ಹೋದರೆ ಒಂದು ಬಸ್ ಆಗಲೇ ಹೋಗಿತ್ತು, ಅದರ ಹಿಂದೆಯೇ ಇನ್ನೊಂದೂ ಹೋಯಿತು ಅಂತ ಕಡ್ಲೆಕಾಯಿ ಮಾರುವವನು ಹೇಳಿದ.